ಮೊದಲ ವಾರದ ಸೇಲ್ಸ್ ನೋಡಿ ರ‍್ಯಾಪರ್‌ಗೆ ಬೆಲೆ ಕಟ್ಟಬೇಕಾ?

ಸೂರಿ ಜಯನಗರ:

ನಿನ್ನೆ ಅಮೆರಿಕದ ರ‍್ಯಾಪರ್ ನಾಸ್ ಬಗ್ಗೆ ಮಾತು ನಡೀತಿದ್ದಾಗ ಒಬ್ಬರು 50 ಸೆಂಟ್ ಅನ್ನೋ ಇನ್ನೊಬ್ಬ ರ‍್ಯಾಪರ್ ಹೆಸರು ತಂದು "50 ಸೆಂಟ್ ಮುಂದೆ ನಾಸ್ ಯಾವ ಲೆಕ್ಕ, ಸೇಲ್ಸ್ ನೋಡಿದ್ರೆ ಗೊತ್ತಾಗುತ್ತೆ" ಅಂದ್ರು. ಆ ಮಾತು ಆಗಿನಿಂದ ತಲೇಲಿ ಕೊರೀತಾನೇ ಇದೆ. ಅದಕ್ಕೇ ಬೇರೆಯಾಗಿ ಬರೀತಿದ್ದೀನಿ.

ಅಂಕಿಗಳನ್ನ ನಾನು ಅಲ್ಲಗಳೆಯಲ್ಲ. 2003ರ ಫೆಬ್ರವರಿಯಲ್ಲಿ 50 ಸೆಂಟ್‌ನ ಆಲ್ಬಂ ಬಂದಾಗ ಅಮೆರಿಕದಲ್ಲಿ ಮೊದಲ ವಾರಕ್ಕೇ 8,72,000 ಕಾಪಿ ಖರ್ಚಾಯ್ತು. ಬೆನ್ನ ಹಿಂದೆ ರ‍್ಯಾಪರ್ ಎಮಿನೆಮ್, ಪ್ರೊಡ್ಯೂಸರ್ ಡಾ. ಡ್ರೆ ಮತ್ತು ಇಂಟರ್‌ಸ್ಕೋಪ್ ಕಂಪನಿ ಇದ್ವು. ನಾಸ್‌ನ ಮೊದಲ ಆಲ್ಬಂ 'ಇಲ್‌ಮ್ಯಾಟಿಕ್' ಕೊಲಂಬಿಯಾ ಲೇಬಲ್‌ನಿಂದ (ಲೇಬಲ್ ಅಂದ್ರೆ ಆಲ್ಬಂ ಹೊರತರೋ ಕಂಪನಿ) 1994ರ ಏಪ್ರಿಲ್‌ನಲ್ಲಿ ಬಂತು. ಮೊದಲ ವಾರ 60,000ದ ಆಸುಪಾಸು. ಐದು ಲಕ್ಷ ದಾಟಿ ಗೋಲ್ಡ್ ಅನ್ನಿಸಿಕೊಂಡಿದ್ದು 1996ರ ಜನವರಿಯಲ್ಲಿ. ಹತ್ತು ಲಕ್ಷದ ಪ್ಲಾಟಿನಂ ಸಿಕ್ಕಿದ್ದು 2001ರ ಕೊನೆಗೆ, ಅಂದ್ರೆ ಏಳು ವರ್ಷದ ಮೇಲೆ. ನಾಸ್‌ನದೇ ಎರಡನೇ ಆಲ್ಬಂ 1996ರಲ್ಲಿ ಬಂದು ನೇರವಾಗಿ ಬಿಲ್‌ಬೋರ್ಡ್ ಪತ್ರಿಕೆಯ ಮಾರಾಟದ ಪಟ್ಟಿಯಲ್ಲಿ ನಂಬರ್ 1ಕ್ಕೆ ಹೋಯ್ತು. ಬರೀ ಸೇಲ್ಸ್ ಹಿಡಿದ್ರೆ ಆ ಎರಡನೆಯದೇ ದೊಡ್ಡದು ಅನ್ನಬೇಕು.

ಆದ್ರೆ 2021ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿಕೊಂಡಿದ್ದು ನಿಧಾನಕ್ಕೆ ಖರ್ಚಾದ ಆ ಮೊದಲನೆಯದನ್ನೇ. ನಲವತ್ತು ನಿಮಿಷಾನೂ ಇಲ್ಲದ ಆಲ್ಬಂ. ಇಪ್ಪತ್ತರ ಹುಡುಗನೊಬ್ಬ ನ್ಯೂಯಾರ್ಕ್‌ನ ಕ್ವೀನ್ಸ್‌ಬ್ರಿಡ್ಜ್ ವಸತಿ ಸಮುಚ್ಚಯದ ಕಿಟಕಿಯಿಂದ ಕಂಡದ್ದನ್ನ ಸಾಲು ಸಾಲಾಗಿ ಕಟ್ಟಿದ್ದಾನೆ. ಅವತ್ತಿಂದ ಇವತ್ತಿನವರೆಗೂ ರ‍್ಯಾಪ್ ಬರೆಯೋಕೆ ಕೂತವರು ಅದನ್ನ ಕೇಳದೇ ಮುಂದೆ ಹೋಗಲ್ಲ.

ನನ್ನ ಮಾತಿಷ್ಟೇ. ಸೇಲ್ಸ್ ಅನ್ನೋದು ಲೇಬಲ್‌ನವರು ಎಷ್ಟು ದುಡ್ಡು ಸುರಿದ್ರು ಅನ್ನೋದರ ಲೆಕ್ಕ. ಅದನ್ನ ತಂದು ಕಲಾವಿದನ ತಲೆಗೆ ಕಟ್ಟಬೇಡಿ.

ಹುಬ್ಬಳ್ಳಿ ಹುಡುಗ:

ಸೂರಿ ಅವರ, ನಿನ್ನೆ ಹಂಗ ಅಂದಾಂವ ನಾನ. ಇವತ್ತೂ ಅದನ್ನ ಹೇಳ್ತೀನಿ. ಮಂದಿ ಕಿಸೆದಾಗಿನ ರೊಕ್ಕ ಕೊಟ್ಟು ತಗೊಂಡಾರ ಅಂದ್ರ ಅದು ಸಣ್ಣ ಮಾತಲ್ಲ.

1991ಕ್ಕಿಂತ ಮೊದಲ ಬಿಲ್‌ಬೋರ್ಡ್ ಪಟ್ಟಿ ಹೆಂಗ ತಯಾರಾಗ್ತಿತ್ತು ನೋಡ್ರಿ. ಅಂಗಡಿಯವರಿಗೆ ಫೋನ್ ಮಾಡಿ "ಈ ವಾರ ಯಾವುದು ಚಲೋ ಹೊಂಟದ" ಅಂತ ಕೇಳ್ತಿದ್ರು. ಅಂಗಡಿಯಾಂವ ತನಗ ಅನಿಸಿದ್ದು ಹೇಳ್ತಿದ್ದ. ಬಹಳಷ್ಟು ಅಂಗಡಿಯವರ ಕಣ್ಣಿಗೆ ರಾಕ್ ಕಾಣ್ತಿತ್ತು, ರ‍್ಯಾಪ್ ಕಾಣ್ತಿರಲಿಲ್ಲ. ಆ ವರ್ಷ ಮೇ ತಿಂಗಳದಾಗ ಸೌಂಡ್‌ಸ್ಕ್ಯಾನ್ ಪದ್ಧತಿ ಬಂತು. ಬಿಲ್ ಮಾಡೋಮುಂದ ಬಾರ್‌ಕೋಡ್ ಓದಿ, ಖರೆ ಎಷ್ಟು ಹೋತು ಅನ್ನೋದು ಲೆಕ್ಕಕ್ಕ ಬರಲಿಕ್ಕೆ ಹತ್ತಿತು. ಜೂನ್ ತಿಂಗಳದಾಗ ಎನ್.ಡಬ್ಲ್ಯೂ.ಎ ಅನ್ನೋ ರ‍್ಯಾಪ್ ಗುಂಪಿನ ಆಲ್ಬಂ ನಂಬರ್ 1ಕ್ಕ ಬಂದು ಕುಂತಿತು. ಅದರಾಗಿನ ಬೈಗುಳ ಕೇಳಿದ್ರ ಯಾವ ರೇಡಿಯೋದವರೂ ಹಾಕೂ ಹಂಗಿರಲಿಲ್ಲ. ಅಂದ್ರ ಮಂದಿ ಮೊದಲಿಂದನೂ ತಗೊಳ್ತಿದ್ರು, ಎಣಿಸೂ ಮಂದಿ ಇರಲಿಲ್ಲ ಅಷ್ಟ.

ಆ ಲೆಕ್ಕ ಬಂದ ಮ್ಯಾಲೆ ದೊಡ್ಡ ಕಂಪನಿಗಳು ರ‍್ಯಾಪ್ ಹುಡುಗರ ಮನಿ ಬಾಗಲಕ್ಕ ಬಂದ್ವು. ನಿಮ್ಮ ನಾಸ್‌ಗೂ ಕೊಲಂಬಿಯಾದಂಥ ಕಂಪನಿ ಸಿಕ್ಕಿದ್ದು ಆ ಹವಾದಾಗ. ಅಂಕಿ ಬ್ಯಾಡ ಅನ್ನೋದು ಸರಳ. ಅಂಕಿ ಇಲ್ಲದ ಕಾಲದಾಗ ಇವರಿಗೆ ಆಗಿದ್ದ ಅನ್ಯಾಯನೂ ನೆನಪಿರಲಿ.

ಲೆಕ್ಕಪತ್ರ ಮಂಜು:

ಹುಬ್ಬಳ್ಳಿಯವರ ಮಾತು ಸರಿಯಾಗಿದೆ, ಎಣಿಕೆಯಿಂದ ಗೌರವ ಬಂತು. ಆದ್ರೆ ಎಣಿಸಿದ ದುಡ್ಡು ಯಾರ ಜೇಬಿಗೆ ಹೋಯ್ತು ಅಂತ ನೋಡೋದು ನನ್ನ ಕಸುಬು, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

ಹಳೇ ಮಾದರಿಯ ಒಂದು ಒಪ್ಪಂದ ಅಂದುಕೊಳ್ಳಿ. ಅಂಕಿಗಳು ಉದಾಹರಣೆಗೆ ನಾನೇ ಹಾಕಿದ್ದು, ಲೆಕ್ಕದ ರೀತಿ ಮಾತ್ರ ಹೀಗೇ ಇರ್ತಿತ್ತು. ಕಂಪನಿ ಮುಂಗಡ ಮತ್ತು ರೆಕಾರ್ಡಿಂಗ್ ಸೇರಿ 3 ಲಕ್ಷ ಡಾಲರ್ ಕೊಡುತ್ತೆ. ವಿಡಿಯೋಗೆ 2 ಲಕ್ಷ ಹಾಕಿ, ಅದರಲ್ಲಿ ಅರ್ಧ ಕಲಾವಿದನ ಖಾತೆಗೆ ಬರೆಯುತ್ತೆ. ಒಟ್ಟು 4 ಲಕ್ಷ ಕಲಾವಿದನ ಬಾಕಿ. ಸಿಡಿ ಒಂದಕ್ಕೆ 10 ಡಾಲರ್ ಹಿಡಿದು ಶೇ 12ರ ರಾಯಲ್ಟಿ ಅಂದ್ರೆ 1 ಡಾಲರ್ 20 ಸೆಂಟ್. ಆ 12ರಲ್ಲಿ ಬೀಟ್ (ಹಾಡಿನ ಹಿನ್ನೆಲೆ ಸಂಗೀತ) ಮಾಡಿದ ಪ್ರೊಡ್ಯೂಸರ್‌ಗೆ 3, ಅಂದ್ರೆ 30 ಸೆಂಟ್, ಹೋದ್ರೆ ಉಳಿಯೋದು 90 ಸೆಂಟ್. 4 ಲಕ್ಷದ ಬಾಕಿ ತೀರಬೇಕಾದ್ರೆ 4,44,000ಕ್ಕಿಂತ ಹೆಚ್ಚು ಕಾಪಿ ಹೋಗಬೇಕು. ಅಲ್ಲೀವರೆಗೂ ಹುಡುಗನಿಗೆ ರಾಯಲ್ಟಿ ಸೊನ್ನೆ. ಗೋಡೆ ಮೇಲೆ ಗೋಲ್ಡ್ ಡಿಸ್ಕ್ ತೂಗುಹಾಕೋ ಹೊತ್ತಿಗೆ ಅವನ ಲೆಕ್ಕ ಆಗಷ್ಟೇ ಶುರುವಾಗಿರುತ್ತೆ.

ಕಂಪನಿಯ ಕಡೆ ನೋಡಿ. ಅವರು ಹಾಕಿದ ದುಡ್ಡು ಪೂರ್ತಿ ಮಾರಾಟದ ಹಣದಿಂದ ವಾಪಸ್ ಬರುತ್ತೆ, ಹಾಗಾಗಿ ಎಷ್ಟೋ ಮೊದಲೇ ಲಾಭದಲ್ಲಿರ್ತಾರೆ. ಆದ್ರೂ ಕಲಾವಿದನ ಬಾಕಿ ತೀರಿಸೋದು ಅವನ 90 ಸೆಂಟ್‌ನಿಂದ ಮಾತ್ರ. ಬಾಕಿ ಎಲ್ಲ ತೀರಿದ ಮೇಲಾದರೂ ಮೂಲ ರೆಕಾರ್ಡಿಂಗ್, ಅಂದ್ರೆ ಮಾಸ್ಟರ್, ಅವನದಾಗುತ್ತಾ? ಇಲ್ಲ, ಕಂಪನಿಯದೇ. ಸಾಲದ ಕಂತು ಪೂರ್ತಿ ಕಟ್ಟಿದ ಮೇಲೂ ಮನೆ ಬ್ಯಾಂಕಿನ ಹೆಸರಲ್ಲೇ ಉಳಿದ ಹಾಗೆ.

ಟಿ.ಎಲ್.ಸಿ ಗುಂಪನ್ನ ನೋಡಿ. ಆರ್ ಅಂಡ್ ಬಿ ಜತೆಗೆ ರ‍್ಯಾಪ್ ಸೇರಿಸಿದ್ದ ಮೂವರು ಹೆಣ್ಣುಮಕ್ಕಳು. 1994ರ ಅವರ ಆಲ್ಬಂ ಅಮೆರಿಕ ಒಂದರಲ್ಲೇ ಒಂದು ಕೋಟಿ ದಾಟಿತು. 1995ರಲ್ಲಿ ಅವರು ದಿವಾಳಿ ಅರ್ಜಿ ಹಾಕಿದ್ರು. 1996ರಲ್ಲಿ ಗ್ರ್ಯಾಮಿ ಗೆದ್ದ ರಾತ್ರಿ ಪತ್ರಕರ್ತರ ಮುಂದೆ ನಿಂತು "ನಮ್ಮ ಹತ್ತಿರ ದುಡ್ಡಿಲ್ಲ" ಅಂತ ಹೇಳಿದ್ರು. ಅವತ್ತಿನ ಸೇಲ್ಸ್ ಪಟ್ಟಿ ನೋಡಿದವನಿಗೆ ಇದು ಹೇಗೆ ತಿಳೀಬೇಕು?

ನ್ಯೂಜೆರ್ಸಿ ಸುಮಾ:

ಮಂಜು ಅವರೇ, ಲೆಕ್ಕ ಚೆನ್ನಾಗಿ ಬಿಡಿಸಿದ್ರಿ. ಆದ್ರೆ ಆಲ್ಬಂ ಮಕಾಡೆ ಬಿದ್ರೆ ಆ 3 ಲಕ್ಷವನ್ನ ಕಲಾವಿದ ವಾಪಸ್ ಕೊಡಬೇಕಾಗಿಲ್ಲ, ನಷ್ಟ ಕಂಪನಿಯದು. ಆ ಮಾತೂ ಸೇರಲಿ.

ನಾನು ಇಲ್ಲಿಗೆ ಬಂದ ಹೊಸದರಲ್ಲಿ, ಓದ್ತಾ ಇದ್ದಾಗ, ಒಂದು ಮಾಲ್‌ನ ಸಿಡಿ ಅಂಗಡಿಯಲ್ಲಿ ಸಂಜೆ ಕೆಲಸ ಮಾಡ್ತಿದ್ದೆ. ಆಗ ಹೊಸ ಆಲ್ಬಂ ಬರ್ತಿದ್ದದ್ದು ಮಂಗಳವಾರ. ಸೋಮವಾರ ರಾತ್ರಿ ಶಟರ್ ಎಳೆದ ಮೇಲೆ ಡಬ್ಬ ಒಡೆದು ಜೋಡಿಸ್ತಿದ್ವಿ. ಬಾಗಿಲು ದಾಟಿದ ಕೂಡಲೇ ಎದುರಿಗೆ ಸಿಗೋ ಸ್ಟ್ಯಾಂಡ್‌ನಲ್ಲಿ ಯಾವ ಸಿಡಿ ಇರಬೇಕು ಅನ್ನೋದು ನಮ್ಮ ಮ್ಯಾನೇಜರ್ ಕೈಲಿರಲಿಲ್ಲ, ಆ ಜಾಗಕ್ಕೆ ಲೇಬಲ್‌ನವರು ದುಡ್ಡು ಕಟ್ಟಿರ್ತಿದ್ರು. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೇಳೋ ಯಂತ್ರದಲ್ಲಿ ಯಾವ ಹಾಡು ಇರಬೇಕು ಅನ್ನೋದಕ್ಕೂ ಅಷ್ಟೇ. ಲೇಬಲ್ ಇಲ್ಲದವನ ಸಿಡಿ ಹಿಂದಿನ ಗೋಡೆಯಲ್ಲಿ, ಅಕ್ಷರದ ಸಾಲಿನಲ್ಲಿ, ಬೆನ್ನು ಮಾತ್ರ ಕಾಣೋ ಹಾಗೆ ಕೂತಿರ್ತಿತ್ತು. ಹೆಸರು ಮೊದಲೇ ಗೊತ್ತಿದ್ದವನು ಮಾತ್ರ ಹುಡುಕಿ ತೆಗೀತಿದ್ದ. ಎಷ್ಟೋ ಒಳ್ಳೇ ಹುಡುಗರು ಹಾಗೇ ಕಳೆದುಹೋದ್ರು. ಪ್ರಚಾರ ಮುಖ್ಯ ಅಲ್ಲ ಅಂತ ಯಾರಾದ್ರೂ ಅಂದ್ರೆ ನನಗೆ ಆ ಗೋಡೆ ಕಣ್ಣಿಗೆ ಬರುತ್ತೆ.

ರೇಡಿಯೋ ಇನ್ನೂ ಕಷ್ಟ. 2005ರಲ್ಲಿ ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಆಗಿದ್ದ ಎಲಿಯಟ್ ಸ್ಪಿಟ್ಜರ್ ತನಿಖೆ ಮಾಡಿ, ಹಾಡು ಹಾಕಿಸೋಕೆ ಸ್ಟೇಷನ್‌ನವರಿಗೆ ದುಡ್ಡು, ಉಡುಗೊರೆ ಹೋಗ್ತಿದ್ದನ್ನ ಬಯಲು ಮಾಡಿದ್ರು. ಸೋನಿ ಬಿ.ಎಂ.ಜಿ ಕಂಪನಿಯೊಂದೇ 1 ಕೋಟಿ ಡಾಲರ್ ಕಟ್ಟಿ ರಾಜಿ ಮಾಡ್ಕೊಂಡಿತು, ಆಮೇಲೆ ವಾರ್ನರ್, ಯೂನಿವರ್ಸಲ್ ಕೂಡ ಕಟ್ಟಿದ್ವು. "ಜನ ಕೇಳಿ ಕೇಳಿ ಹಿಟ್ ಆಯ್ತು" ಅನ್ನೋ ಮಾತಿನ ಹಿಂದೆ ಇಷ್ಟೆಲ್ಲ ಇತ್ತು.

ಆದ್ರೂ ಲೇಬಲ್‌ಗಳನ್ನ ಜಾಣತನದಿಂದ ದುಡಿಸಿಕೊಂಡವರಿದ್ದಾರೆ. ವು-ಟ್ಯಾಂಗ್ ಕ್ಲ್ಯಾನ್ ಅನ್ನೋ ರ‍್ಯಾಪ್ ಗುಂಪಿನ ಆರ್.ಝಡ್.ಎ ಅಂಥವರು. ಮೊದಲ ಹಾಡಿನ ರೆಕಾರ್ಡ್‌ಗಳನ್ನ ತಾವೇ ಅಚ್ಚು ಹಾಕಿಸಿ ಹಂಚಿದ್ರು. ಅದು ಓಡಿದ ಮೇಲೆ ಲೌಡ್ ರೆಕಾರ್ಡ್ಸ್ ಜತೆ ಒಪ್ಪಂದ ಆಯ್ತು, ಆದ್ರೆ ಒಂದು ಷರತ್ತು: ಗುಂಪು ಲೌಡ್‌ಗೆ, ಒಬ್ಬೊಬ್ಬ ಸದಸ್ಯ ಬೇಕಾದ ಕಡೆ ಹೋಗಬಹುದು. ಮೆಥಡ್ ಮ್ಯಾನ್ ಡೆಫ್ ಜ್ಯಾಮ್‌ಗೆ, ಓಲ್ ಡರ್ಟಿ ಬಾಸ್ಟರ್ಡ್ ಎಲೆಕ್ಟ್ರಾಗೆ, ಜಿ.ಝಡ್.ಎ ಗೆಫೆನ್‌ಗೆ ಹೋದ್ರು, ರೇಕ್ವಾನ್ ಲೌಡ್‌ನಲ್ಲೇ ಉಳಿದ್ರು. ಒಂದೇ ಗುಂಪಿನ ಹೆಸರನ್ನ ನಾಲ್ಕು ಕಂಪನಿಗಳು ತಮ್ಮ ತಮ್ಮ ಖರ್ಚಲ್ಲಿ ಊರ ತುಂಬ ಸಾರಿದ್ವು. ಮುಂಗಡ ಎಷ್ಟು ಅಂತ ಕೇಳೋ ಬದಲು ಷರತ್ತು ಏನು ಅಂತ ಕೇಳಿದ್ದಕ್ಕೆ ಸಿಕ್ಕ ಫಲ ಅದು.

ಬೀಟ್‌ಪೆಟ್ಟಿಗೆ:

ಸುಮಕ್ಕ, ಆ ಗೋಡೆ ಈಗಿಲ್ಲ. ಫೋನ್ ಒಂದಿದ್ರೆ ಸಾಕು, ನಾನು ಬನಶಂಕರಿಯ ರೂಮಲ್ಲಿ ಕೂತು ಮಾಡಿದ ಬೀಟು ನಿಮ್ಮ ನ್ಯೂಜೆರ್ಸಿಗೆ ಅವತ್ತೇ ತಲುಪುತ್ತೆ.

ಲೇಬಲ್ ಇಲ್ಲದೇ ಮಾಡಬಹುದು ಅನ್ನೋದು ಹೊಸ ಕಥೆ ಏನಲ್ಲ. ಓಕ್ಲೆಂಡ್ ಕಡೆ ಟೂ ಶಾರ್ಟ್, ವಲೇಹೋದ ಇ-40 ಕಾರಿನ ಡಿಕ್ಕಿಯಲ್ಲಿ ಕ್ಯಾಸೆಟ್ ಇಟ್ಕೊಂಡು ಮಾರಿ ಬೆಳೆದವರು. ಮಾಸ್ಟರ್ ಪಿ ಅನ್ನೋ ರ‍್ಯಾಪರ್ 1996ರ ಹೊತ್ತಿಗೆ ಪ್ರಯಾರಿಟಿ ಕಂಪನಿ ಜತೆ ಬರೀ ವಿತರಣೆ ಒಪ್ಪಂದ ಮಾಡ್ಕೊಂಡ, ನೂರಕ್ಕೆ 85 ತನಗೆ, 15 ಅವರಿಗೆ, ಹಾಡುಗಳ ಮೂಲ ರೆಕಾರ್ಡಿಂಗ್ ತನ್ನ ಹತ್ತಿರಾನೇ. ನಿಪ್ಸಿ ಹಸಲ್ 2013ರಲ್ಲಿ ಒಂದು ಮಿಕ್ಸ್‌ಟೇಪನ್ನ ಇಂಟರ್ನೆಟ್‌ನಲ್ಲಿ ಪುಕ್ಕಟೆ ಬಿಟ್ಟು, ಅದರದೇ 1,000 ಸಿಡಿ ಮಾಡಿಸಿ ಒಂದಕ್ಕೆ 100 ಡಾಲರ್ ಅಂತ ಮಾರಿದ. ಜೇ-ಝೀನೇ 100 ಕಾಪಿ ತಗೊಂಡ. ಸೌಂಡ್‌ಸ್ಕ್ಯಾನ್ ಲೆಕ್ಕದಲ್ಲಿ ಸಾವಿರ ಕಾಪಿ ಅಂದ್ರೆ ಏನೂ ಅಲ್ಲ ಗುರು. ಅವನಿಗೆ ಅದು ಒಂದು ಲಕ್ಷ ಡಾಲರ್, ಮಧ್ಯೆ ಯಾರೂ ಇಲ್ಲ. ಮಂಜಣ್ಣನ ಲೆಕ್ಕದಲ್ಲಿ ನಾಲ್ಕು ಲಕ್ಷ ಕಾಪಿ ಮಾರಿದವನಿಗೆ ಸೊನ್ನೆ. ಯಾರು ಗೆದ್ದಿದ್ದು?

ಚಾನ್ಸ್ ದಿ ರ‍್ಯಾಪರ್ 2016ರಲ್ಲಿ ಸಿಡಿ ಇಲ್ಲ, ಲೇಬಲ್ ಇಲ್ಲ, ಬರೀ ಸ್ಟ್ರೀಮಿಂಗ್. ಮುಂದಿನ ವರ್ಷ ಮೂರು ಗ್ರ್ಯಾಮಿ.

ಹುಬ್ಬಳ್ಳಿ ಹುಡುಗ:

ತಮ್ಮಾ, ಪೂರಾ ಹೇಳಪ್ಪ. ಚಾನ್ಸ್‌ಗ ಲೇಬಲ್ ಇರಲಿಲ್ಲ ಖರೆ, ಆಪಲ್ ಇತ್ತಲ್ಲ? ಎರಡು ವಾರ ತಮ್ಮಲ್ಲೆ ಅಷ್ಟ ಇರಬೇಕು ಅಂತ 5 ಲಕ್ಷ ಡಾಲರ್ ಮತ್ತ ಒಂದು ಜಾಹೀರಾತು ಕೊಟ್ಟಾರ, ಅಂವನ ಟ್ವಿಟರ್‌ನ್ಯಾಗ ಹೇಳ್ಯಾನ. ಮ್ಯಾಕ್ಲಮೋರ್ ಮತ್ತ ರಯಾನ್ ಲೂಯಿಸ್ 2012ರಾಗ ಸ್ವಂತ ಆಲ್ಬಂ ತಂದ್ರು, ಸ್ವತಂತ್ರ ಕಲಾವಿದರು ಅಂತ ಜಗತ್ತೆಲ್ಲಾ ಹೊಗಳಿತು. ಅವರ ಹಾಡು ರೇಡಿಯೋದಾಗ ಬರೋ ಹಂಗ ಮಾಡಿದವರು ಯಾರು? ವಾರ್ನರ್‌ನ ರೇಡಿಯೋ ಪ್ರಚಾರದ ಮಂದಿ, ಬಾಡಿಗಿಗೆ. ವಿತರಣಾನೂ ವಾರ್ನರ್‌ದ ಅಂಗಸಂಸ್ಥೆ ಮಾಡ್ತು.

ನಾ ಹೇಳೋದು ಅದನ್ನ. ಪ್ರಚಾರ ಇಲ್ಲದ ಯಾವನೂ ಮ್ಯಾಲೆ ಬಂದಿಲ್ಲ.

ನ್ಯೂಜೆರ್ಸಿ ಸುಮಾ:

ಹುಬ್ಬಳ್ಳಿಯವರೇ, ನೀವೇ ಕೊಟ್ಟ ಉದಾಹರಣೆ ನೋಡಿ. ಮ್ಯಾಕ್ಲಮೋರ್ ಪ್ರಚಾರದ ಕೆಲಸಕ್ಕೆ ಕೂಲಿ ಕೊಟ್ಟ, ಮಾಸ್ಟರ್ ಬಿಟ್ಟುಕೊಡಲಿಲ್ಲ. 2013ರಲ್ಲಿ ಹಾಡು ನಂಬರ್ 1ರಲ್ಲಿ ವಾರಗಟ್ಟಲೆ ಕೂತಿದ್ದಾಗ ಆ ದುಡ್ಡು ಅವರ ಮನೆಗೇ ಬಂತು. ಪ್ರಚಾರ ಬೇಕು ಅನ್ನೋದೂ, ಪ್ರಚಾರಕ್ಕಾಗಿ ರೆಕಾರ್ಡಿಂಗ್ ಬರೆದುಕೊಡಬೇಕು ಅನ್ನೋದೂ ಬೇರೆ ಬೇರೆ. ಎರಡನ್ನೂ ಒಂದೇ ಗಂಟಲ್ಲಿ ಕಟ್ಟಿ ಮಾರಿದ್ದೇ ಲೇಬಲ್‌ನವರ ಇಷ್ಟು ವರ್ಷದ ವ್ಯಾಪಾರ.

ಸೂರಿ ಜಯನಗರ:

ಸುಮಾ ಅವರೇ, ಇದು ನನಗೂ ಬೇಕಿದ್ದ ಮಾತು. ಆದ್ರೆ ನಾನು ಎತ್ತಿದ್ದು ಕೇಳುಗರ ಬಗ್ಗೆ. ಕಲಾವಿದ ದುಡ್ಡು ಮಾಡಲಿ, ಸಂತೋಷ. ನಾವು ಯಾಕೆ ಕ್ರಿಕೆಟ್ ಸ್ಕೋರ್ ಥರ ಮೊದಲ ವಾರದ ಅಂಕಿ ಹಿಡಿದು ಹೊಡೆದಾಡಬೇಕು?

2007ರ ಸೆಪ್ಟೆಂಬರ್ 11 ನೆನಪಿದೆಯಾ? ಕಾನ್ಯೆ ವೆಸ್ಟ್ ಮತ್ತು 50 ಸೆಂಟ್ ಇಬ್ಬರ ಆಲ್ಬಂ ಒಂದೇ ದಿನ. ಸೋತ್ರೆ ಇನ್ನು ಸೋಲೋ ಆಲ್ಬಂ ಮಾಡಲ್ಲ ಅಂತ 50 ಸೆಂಟ್ ಪಂದ್ಯ ಕಟ್ಟಿದ. ಪತ್ರಿಕೆಗಳ ಮುಖಪುಟದಲ್ಲಿ ಇಬ್ಬರೂ ಮೂಗಿಗೆ ಮೂಗು ತಾಗಿಸಿ ನಿಂತ ಫೋಟೋ. ಕಾನ್ಯೆ 9,57,000, 50 ಸೆಂಟ್ 6,91,000. ಕಾನ್ಯೆಯ ಲೇಬಲ್ ರಾಕ್-ಎ-ಫೆಲ್ಲಾ, ಡೆಫ್ ಜ್ಯಾಮ್. 50 ಸೆಂಟ್‌ನದು ಇಂಟರ್‌ಸ್ಕೋಪ್. ಎರಡರ ಮಾಲೀಕರೂ ಯೂನಿವರ್ಸಲ್ ಮ್ಯೂಸಿಕ್ ಗ್ರೂಪ್. ಅಭಿಮಾನಿಗಳು ಎರಡು ಪಾಳಯ ಮಾಡ್ಕೊಂಡು ಕಿತ್ತಾಡಿದ್ರು, ಹದಿನಾರು ಲಕ್ಷ ಸಿಡಿಯ ದುಡ್ಡು ಒಂದೇ ಕಂಪನಿಗೆ ಹೋಯ್ತು. ಆ ವಾರ ಯಾರ ಆಲ್ಬಂನಲ್ಲಿ ಏನಿದೆ ಅಂತ ಮಾತಾಡಿದವರಿಗಿಂತ ಅಂಕಿ ಎಷ್ಟು ಅಂತ ಮಾತಾಡಿದವರೇ ಹೆಚ್ಚು. ಕಾನ್ಯೆ ಆ ಆಲ್ಬಂನಲ್ಲಿ ಸಿಂಥಸೈಸರ್ ಹಿಡಿದು ರ‍್ಯಾಪಿನ ಸದ್ದನ್ನೇ ಬೇರೆ ದಾರಿಗೆ ತಂದಿದ್ದ, ಅದು ಮಾತಾಗಬೇಕಿತ್ತು.

ಲೂಪೆ ಫಿಯಾಸ್ಕೋನ ಕಥೆ ಇನ್ನೂ ನೋವಿನದು. ಆಲ್ಬಂ ತಯಾರಿದ್ರೂ ಅಟ್ಲಾಂಟಿಕ್ ಲೇಬಲ್ ಬಿಡುಗಡೆ ಮಾಡ್ತಿರಲಿಲ್ಲ. 2010ರಲ್ಲಿ ಅಭಿಮಾನಿಗಳು ಸಹಿ ಸಂಗ್ರಹಿಸಿ, ನ್ಯೂಯಾರ್ಕ್‌ನ ಕಚೇರಿ ಮುಂದೆ ಪ್ರತಿಭಟನೆಗೆ ಬಂದ್ರು. 2011ರ ಮಾರ್ಚ್‌ನಲ್ಲಿ ಆಲ್ಬಂ ಹೊರಗೆ ಬಂತು, ನಂಬರ್ 1 ಆಯ್ತು. ಮೊದಲ ಬಾರಿ ನಂಬರ್ 1. ಆದ್ರೆ ಅದನ್ನ ಮಾಡುವಾಗ ಲೇಬಲ್‌ನವರು ಹಾಕಿದ ಒತ್ತಡದ ಬಗ್ಗೆ ಅವನೇ ಎಷ್ಟೋ ಕಡೆ ಬೇಸರದಿಂದ ಮಾತಾಡಿದ್ದಾನೆ. ಅವನ ಅತಿ ಹೆಚ್ಚು ಗೆದ್ದ ಆಲ್ಬಂ ಅವನಿಗೇ ಸಮಾಧಾನ ಕೊಡಲಿಲ್ಲ.

ಲೆಕ್ಕಪತ್ರ ಮಂಜು:

ಸೂರಿ, ಅಂಕಿಯನ್ನ ನಂಬಲೇಬೇಕು ಅನ್ನೋರಿಗೆ ಇನ್ನೊಂದು ವಿಷಯ. ಈಗಿನ ಅಂಕಿ ಮಾರಾಟದ ಅಂಕಿಯೇ ಅಲ್ಲ. 2014ರ ಡಿಸೆಂಬರ್‌ನಿಂದ ಬಿಲ್‌ಬೋರ್ಡ್ 1,500 ಸ್ಟ್ರೀಮ್ ಆದ್ರೆ ಒಂದು ಆಲ್ಬಂ ಅಂತ ಎಣಿಸೋಕೆ ಶುರು ಮಾಡಿತು. 2018ರಲ್ಲಿ ಚಂದಾ ಕಟ್ಟಿದವರ ಸ್ಟ್ರೀಮ್ ಆದ್ರೆ 1,250, ಪುಕ್ಕಟೆ ಕೇಳಿದ್ದಾದ್ರೆ 3,750 ಅಂತ ಬದಲಾಯ್ತು. ಹಾಡುಗಳ ಸಂಖ್ಯೆ ಜಾಸ್ತಿ ಇದ್ದಷ್ಟೂ ಸ್ಟ್ರೀಮ್ ಜಾಸ್ತಿ. ಅದೇ ವರ್ಷ ಮೀಗೋಸ್ ಆಲ್ಬಂನಲ್ಲಿ 24 ಹಾಡು, ಡ್ರೇಕ್ ಆಲ್ಬಂನಲ್ಲಿ 25. ಇಲ್‌ಮ್ಯಾಟಿಕ್‌ನಲ್ಲಿ ಇದ್ದದ್ದು ಪೀಠಿಕೆಯೂ ಸೇರಿ ಹತ್ತು. ಟೀ ಶರ್ಟ್ ಜತೆ ಆಲ್ಬಂ ಕಟ್ಟಿ ಕೊಡೋದು ಎಷ್ಟು ಜಾಸ್ತಿ ಆಯ್ತು ಅಂದ್ರೆ 2020ರಲ್ಲಿ ಬಿಲ್‌ಬೋರ್ಡ್ ಅದಕ್ಕೂ ಕಡಿವಾಣ ಹಾಕಬೇಕಾಯ್ತು.

2013ರಲ್ಲಿ ಜೇ-ಝೀ ಆಲ್ಬಂನ 10 ಲಕ್ಷ ಕಾಪಿಯನ್ನ ಸ್ಯಾಮ್‌ಸಂಗ್ ಮೊದಲೇ ಕೊಂಡು ತನ್ನ ಫೋನಿನವರಿಗೆ ಪುಕ್ಕಟೆ ಹಂಚಿತು. ಬಿಲ್‌ಬೋರ್ಡ್ ಅದನ್ನ ಎಣಿಸಲಿಲ್ಲ. ಗೋಲ್ಡ್, ಪ್ಲಾಟಿನಂ ಕೊಡೋ ಆರ್.ಐ.ಎ.ಎ ಸಂಸ್ಥೆ ಮಾತ್ರ ನಿಯಮವನ್ನೇ ಬದಲಿಸಿ ಪ್ಲಾಟಿನಂ ಕೊಟ್ಟಿತು. ಒಂದೇ ಆಲ್ಬಂ, ಒಬ್ಬರ ಲೆಕ್ಕದಲ್ಲಿ ಹತ್ತು ಲಕ್ಷ ಇದೆ, ಇನ್ನೊಬ್ಬರ ಲೆಕ್ಕದಲ್ಲಿ ಇಲ್ಲ.

ಬೀಟ್‌ಪೆಟ್ಟಿಗೆ:

ನಮ್ಮ ದೇಶದಲ್ಲಿ ಅಂಕಿ ಕಥೆ ಕೇಳೋದೇ ಬೇಡ. 2019ರ ಜುಲೈನಲ್ಲಿ ರ‍್ಯಾಪರ್ ಬಾದ್‌ಶಾನ ಹಾಡಿಗೆ 24 ಗಂಟೇಲಿ ಏಳೂವರೆ ಕೋಟಿ ವ್ಯೂ ಬಂತು ಅಂತ ಸುದ್ದಿ, ವಿಶ್ವದಾಖಲೆ. ಯೂಟ್ಯೂಬ್ ದಾಖಲೆ ಅಂತ ಒಪ್ಪಲಿಲ್ಲ, ಯಾಕಂದ್ರೆ ಹಾಡನ್ನ ಜಾಹೀರಾತಾಗಿ ಓಡಿಸಿದ್ರು. ಎಲ್ಲರೂ ಮಾಡೋದೇ ಅಂತ ಅವನೇ ಹೇಳ್ದ. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ನಿಯಮ ಬದಲಿಸಿ, 24 ಗಂಟೆ ದಾಖಲೆಗೆ ಜಾಹೀರಾತಿನ ವ್ಯೂ ಲೆಕ್ಕಕ್ಕಿಲ್ಲ ಅಂತು. ಅಂದ್ರೆ ವ್ಯೂ ಕೂಡ ಕೊಂಡುಕೊಳ್ಳೋ ಸಾಮಾನು.

ಅದಕ್ಕೇ 2024ರಲ್ಲಿ ಹನುಮಾನ್‌ಕೈಂಡ್ ಹಾಡು ಓಡಿದಾಗ ನಮ್ಮ ಹುಡುಗರು ಅಷ್ಟು ಖುಷಿ ಪಟ್ಟಿದ್ದು. ಕೇರಳದವರು, ಟೆಕ್ಸಸ್‌ನಲ್ಲಿ ಬೆಳೆದವರು, ಆದ್ರೆ ರ‍್ಯಾಪರ್ ಆಗಿ ಹೆಸರು ಮಾಡಿದ್ದು ನಮ್ಮ ಬೆಂಗಳೂರಿನ ವೇದಿಕೆಗಳ ಮೇಲೆ. ಜಾತ್ರೇಲಿ ಹಲಗೆ ಬಾವಿಯ ಗೋಡೆ ಮೇಲೆ ಬೈಕು, ಕಾರು ಓಡಿಸ್ತಾರಲ್ಲ, ಅದರೊಳಗೆ ನಿಂತು ಮಾಡಿದ ವಿಡಿಯೋ. ಸುತ್ತ ಗಾಡಿಗಳು ಗೋಡೆ ಹಿಡಿದು ಸುತ್ತುತ್ತಿವೆ, ಇವರು ಮಧ್ಯೆ ನಿಂತು ಹಾಡ್ತಿದ್ದಾರೆ. ಅದನ್ನ ನೋಡಿದವರು ಇನ್ನೊಬ್ಬರಿಗೆ ಕಳಿಸದೇ ಇರೋಕೆ ಆಗಲ್ಲ. ಬಿಲ್‌ಬೋರ್ಡ್ ಹಾಟ್ 100 ಅನ್ನೋ ಹಾಡುಗಳ ಪಟ್ಟಿಯೊಳಗೆ ಹೋಯ್ತು.

ಹುಬ್ಬಳ್ಳಿ ಹುಡುಗ:

ಆ ಹಾಡಿನ ಲೇಬಲ್ ಡೆಫ್ ಜ್ಯಾಮ್ ಇಂಡಿಯಾ ತಮ್ಮಾ. ಯೂನಿವರ್ಸಲ್‌ದ. ವಿಡಿಯೋ ಭಾರಿ ಅದ, ಒಪ್ಪತೀನಿ. ಹಂಗಂತ ಅಮೆರಿಕಾದ ಪಟ್ಟಿಗೆ ಅದು ತಾನ ನಡಕೊಂತ ಹೋಗಿಲ್ಲ.

ಸೂರಿ ಜಯನಗರ:

ಲೇಬಲ್ ತಲುಪಿಸ್ತು ಅಂತಾನೇ ಇಟ್ಕೊಳ್ಳಿ. ತಲುಪಿಸೋಕೆ ಮೊದಲು ಏನೋ ಇರಬೇಕಲ್ಲ. ಅದೇ ತಿಂಗಳು ಅದೇ ಕಂಪನಿ ಪ್ರಚಾರ ಮಾಡಿದ ಬೇರೆ ಹಾಡುಗಳು ಯಾಕೆ ಹೋಗಲಿಲ್ಲ?

ಇದರ ಜತೆ ಡಿ ಲಾ ಸೋಲ್ ಅನ್ನೋ ರ‍್ಯಾಪ್ ಗುಂಪಿನ ಬಗ್ಗೆ ಹೇಳದೇ ಇದ್ರೆ ನನಗೆ ಸಮಾಧಾನ ಇಲ್ಲ. 1989ರಲ್ಲಿ ಟಾಮಿ ಬಾಯ್ ಲೇಬಲ್‌ನಿಂದ ಅವರ ಮೊದಲ ಆಲ್ಬಂ ಬಂತು. ಹಳೇ ಹಾಡುಗಳ ತುಣುಕು ಪೋಣಿಸಿ ಮಾಡಿದ, ನಗು ತುಂಬಿದ ಆಲ್ಬಂ. ಪ್ಲಾಟಿನಂ ಆಯ್ತು. ಆ ತುಣುಕುಗಳ ಹಕ್ಕಿನ ಪತ್ರಗಳಲ್ಲಿ ಡಿಜಿಟಲ್ ಬಗ್ಗೆ ಮಾತೇ ಇರಲಿಲ್ಲ, ಹಾಗಾಗಿ ಸ್ಟ್ರೀಮಿಂಗ್ ಬಂದ ಮೇಲೆ ಅವರ ಮುಖ್ಯ ಆಲ್ಬಂಗಳು ಯಾವ ಆ್ಯಪ್‌ನಲ್ಲೂ ಸಿಗಲಿಲ್ಲ. ಹೊಸ ಹುಡುಗರ ಪಾಲಿಗೆ ಡಿ ಲಾ ಸೋಲ್ ಇರಲೇ ಇಲ್ಲ. 2019ರಲ್ಲಿ ಟಾಮಿ ಬಾಯ್ ಕೊನೆಗೂ ಹಾಕ್ತೀವಿ ಅಂತ ಬಂದಾಗ ಬರೋ ಹಣದಲ್ಲಿ ಶೇ 90 ಕಂಪನಿಗೆ, 10 ತಮಗೆ ಅಂತ ಆ ಗುಂಪೇ ಬಹಿರಂಗವಾಗಿ ಹೇಳಿತು, ಕೇಳಬೇಡಿ ಅಂತ ಅಭಿಮಾನಿಗಳನ್ನ ಬೇಡಿಕೊಂಡಿತು. ಕಂಪನಿ ಹಿಂದೆ ಸರೀತು. 2021ರಲ್ಲಿ ರೆಸರ್ವಾಯರ್ ಅನ್ನೋ ಸಂಸ್ಥೆ ಟಾಮಿ ಬಾಯನ್ನ ಕೊಂಡ ಮೇಲೆ ಮಾತು ಕುದುರಿ, 2023ರ ಮಾರ್ಚ್ 3ಕ್ಕೆ ಹಾಡುಗಳು ಆ್ಯಪ್‌ಗಳಿಗೆ ಬಂದ್ವು. ಮೂವರಲ್ಲಿ ಒಬ್ಬನಾದ ಟ್ರುಗಾಯ್ ಅದಕ್ಕೆ ಮೂರು ವಾರ ಮೊದಲು, ಫೆಬ್ರವರಿ 12ಕ್ಕೆ, ತೀರಿಹೋದ.

ಪ್ಲಾಟಿನಂ ಅವರನ್ನ ಕಾಪಾಡಿತಾ ಹುಬ್ಬಳ್ಳಿಯವರೇ?

ದೀಪಾ, ಮೈಸೂರು:

ಇಷ್ಟು ಹೊತ್ತು ಓದುತ್ತಿದ್ದೆ. ವೃತ್ತಿಯಲ್ಲಿ ವಕೀಲೆ, ಒಪ್ಪಂದ ನೋಡೋದೇ ಕೆಲಸ. ಸ್ವಂತದವರ ಲೇಬಲ್ ಆದ್ರೆ ಸುರಕ್ಷಿತ ಅನ್ನೋ ನಂಬಿಕೆಯೂ ಬೇಡ. ಕ್ಯಾಶ್ ಮನಿ ರೆಕಾರ್ಡ್ಸ್ 1998ರಲ್ಲಿ ಯೂನಿವರ್ಸಲ್ ಜೊತೆ 3 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು, ಕಲಾವಿದರು ಬೆಳೆದ ಅದೇ ನ್ಯೂ ಆರ್ಲಿಯನ್ಸ್‌ನ ಅಣ್ಣತಮ್ಮಂದಿರು ಕಟ್ಟಿದ ಕಂಪನಿ. 2008ರಲ್ಲಿ ಮೊದಲ ವಾರವೇ 10 ಲಕ್ಷ ಮಾರಿಸಿಕೊಟ್ಟ ಲಿಲ್ ವೇಯ್ನ್ 2015ರಲ್ಲಿ ಅದೇ ಕಂಪನಿ ಮೇಲೆ ಕೋರ್ಟಿಗೆ ಹೋಗಬೇಕಾಯ್ತು. ತಡೆಹಿಡಿದ ಆಲ್ಬಂ ಹೊರಗೆ ಬಂದದ್ದು ರಾಜಿ ಆದ ಮೇಲೆ, 2018ರಲ್ಲಿ.

ಬೀಟ್‌ಪೆಟ್ಟಿಗೆಯವರೇ, ನಿಮ್ಮ ಹಾಡುಗಳ ಒಪ್ಪಂದ ಓದಿಯೇ ಸಹಿ ಹಾಕ್ತೀರಾ?

ಬೀಟ್‌ಪೆಟ್ಟಿಗೆ:

ನನ್ನದಲ್ಲ ಮೇಡಂ, ನನ್ನ ಜತೆ ರ‍್ಯಾಪ್ ಮಾಡೋ ಗೆಳೆಯನದು ಹೇಳ್ತೀನಿ. ಒಂದು ಸಣ್ಣ ಕಂಪನಿಯವರು ವಿಡಿಯೋ ಮಾಡಿಸಿಕೊಡ್ತೀವಿ, ಪ್ರಚಾರ ನಮ್ಮದು ಅಂತ ಬಂದ್ರು. ಇಪ್ಪತ್ತೊಂದು ವಯಸ್ಸು, ಖುಷಿಗೆ ಸಹಿ ಹಾಕ್ದ. ಹಾಡು ರೆಕಾರ್ಡ್ ಆಯ್ತು, ವಿಡಿಯೋ ಆಗಲೇ ಇಲ್ಲ, ಹಾಡೂ ಹೊರಗೆ ಬರಲಿಲ್ಲ. ಕೇಳಿ ಕೇಳಿ ಸಾಕಾಗಿ ಎರಡು ವರ್ಷದ ಮೇಲೆ ತನ್ನ ಚಾನೆಲ್‌ಗೆ ತಾನೇ ಹಾಕ್ದ. ಬೆಳಿಗ್ಗೆ ಏಳೋ ಹೊತ್ತಿಗೆ ಕಾಪಿರೈಟ್ ದೂರು, ಹಾಡು ತೆಗೆದುಹಾಕಿದ್ರು. ತಾನೇ ಬರೆದ, ತನ್ನ ಅಮ್ಮನ ಬಗ್ಗೆ ಬರೆದ ಹಾಡು. ಅವತ್ತಿಂದ ಅವನು ಪೆನ್ನೇ ಮುಟ್ಟಿಲ್ಲ.

ದೀಪಾ, ಮೈಸೂರು:

ಓದಿ ಬೇಜಾರಾಯ್ತು. ಅವರಿಗೆ ಹೇಳಿ, ದಾರಿ ಇರಬಹುದು.

ನಮ್ಮ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮು ನೋಡಿ. ಹಕ್ಕು ಬರೆದುಕೊಟ್ಟ ಪತ್ರದಲ್ಲಿ ಎಷ್ಟು ವರ್ಷಕ್ಕೆ ಅಂತ ಇಲ್ಲದಿದ್ದರೆ ಐದೇ ವರ್ಷ ಅಂತ ಲೆಕ್ಕ. ಯಾವ ಊರು, ದೇಶಕ್ಕೆ ಅಂತ ಇಲ್ಲದಿದ್ದರೆ ಭಾರತಕ್ಕೆ ಮಾತ್ರ. ಇವರ ವಿಷಯದಲ್ಲಿ ಮುಖ್ಯ ಆಗೋದು ಇನ್ನೊಂದು: ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನ ಬಳಸದೇ ಹೋದರೆ, ಪತ್ರದಲ್ಲಿ ಬೇರೆ ಥರ ಬರೆದಿರದಿದ್ದರೆ, ಆ ಹಕ್ಕು ಬಿದ್ದುಹೋಗುತ್ತೆ. ಆದ್ದರಿಂದ ಮೂಲ ಪತ್ರ ನೋಡದೇ ಏನೂ ಹೇಳೋಕಾಗಲ್ಲ. "ಶಾಶ್ವತವಾಗಿ", "ಬಳಸದಿದ್ದರೂ ಹಕ್ಕು ಮುಂದುವರಿಯುತ್ತದೆ" ಅನ್ನೋ ಅರ್ಥದ ಸಾಲು ಇದೆಯಾ ಅಂತ ಮೊದಲು ಹುಡುಕಿಸಿ.

2012ರ ತಿದ್ದುಪಡಿ ಬಂದ ಮೇಲೆ ಸಾಹಿತ್ಯ ಬರೆದವರಿಗೂ ಸಂಗೀತ ಮಾಡಿದವರಿಗೂ, ಹಕ್ಕು ಬರೆಸಿಕೊಂಡವರ ಜತೆ ರಾಯಲ್ಟಿಯಲ್ಲಿ ಸಮಪಾಲು ಕೇಳೋ ಹಕ್ಕಿದೆ, ಬೇಡ ಅಂತ ಬರೆಸಿಕೊಂಡಿದ್ದರೂ ಅದು ನಿಲ್ಲಲ್ಲ. ರ‍್ಯಾಪರ್ ಅಂದ್ರೆ ಸಾಹಿತ್ಯ ಬರೆದವನೂ ಹೌದಲ್ಲವಾ? ಹಾಡು ಬರೆದವರ, ಸಂಗೀತ ಮಾಡಿದವರ ರಾಯಲ್ಟಿ ವಸೂಲಿ ಮಾಡಿ ಹಂಚೋ ಐ.ಪಿ.ಆರ್.ಎಸ್ ಸಂಸ್ಥೆಯಲ್ಲಿ ಸದಸ್ಯತ್ವ ಮಾಡಿಸಿ, ಒಂದೊಂದು ಹಾಡನ್ನೂ ಹೆಸರಿಗೆ ನೋಂದಾಯಿಸಿ. ನೀವೂ ಮಾಡಿಸಿ, ಬೀಟು ನಿಮ್ಮದು.

ಹುಬ್ಬಳ್ಳಿ ಹುಡುಗ:

ದೀಪಾ ಮೇಡಂರ, ಇದನ್ನ ನಮ್ಮ ಕಡೆ ಹುಡುಗರಿಗೂ ಕಳಸ್ತೀನ್ರಿ. ಧಾರವಾಡ ಮಾತಿನ್ಯಾಗ ಚಂದ ರ‍್ಯಾಪ್ ಮಾಡೋ ಹುಡುಗರು ಅದಾರ, ಕಾಗದ ನೋಡದ ಸಹಿ ಹಾಕ್ತಾರ.

ಸೂರಿ ಅವರ, ಡಿ ಲಾ ಸೋಲ್ ಬಗ್ಗೆ ಕೇಳಿದ್ರಿ. ಪ್ಲಾಟಿನಂ ಅವರನ್ನ ಕಾಪಾಡಲಿಲ್ಲ, ಕಾಗದ ಕೆಟ್ಟಿತ್ತು. ಆದ್ರ 30 ವರ್ಷ ಆದ ಮ್ಯಾಲೂ ಆ ಮಾಸ್ಟರ್ ಕೊಳ್ಳಾಕ ಒಂದು ಕಂಪನಿ ರೊಕ್ಕ ಹಿಡಕೊಂಡು ಬಂತಲ್ಲ, ಅದು ಯಾಕ? ಅಷ್ಟ ಲಕ್ಷ ಮಂದಿ ಮನ್ಯಾಗ ಆ ಹಾಡು ಇದ್ವು ಅಂತ. ನಾಸ್ ದೊಡ್ಡಾಂವೋ 50 ಸೆಂಟ್ ದೊಡ್ಡಾಂವೋ, ಅದನ್ನ ಅಂಕಿಯಿಂದ ಹೇಳಾಕ ಬರೂದಿಲ್ಲ ಅಂತ ನೀವು ಅಂದ್ರ ಬ್ಯಾಡ ಅನ್ನೂದಿಲ್ಲ. ಮಂದಿ ತಗೊಂಡಿದ್ದು ಲೆಕ್ಕಕ್ಕಿಲ್ಲ ಅಂದ್ರ ಮಾತ್ರ ನಾ ಮತ್ತ ಬರ್ತೀನಿ.

ತಮ್ಮಾ ಬೀಟ್‌ಪೆಟ್ಟಿಗೆ, ಆ ಗೆಳೆಯನ ಅವ್ವನ ಹಾಡು ಹೊರಗ ಬಂದ ದಿವಸ ಇಲ್ಲೆ ತಿಳಸು. ರೊಕ್ಕ ಕೊಟ್ಟ ತಗೊಳ್ತೀವಿ.

ಬೀಟ್‌ಪೆಟ್ಟಿಗೆ:

ಅಣ್ಣ, ಈಗಷ್ಟೇ ಅವನ ಹತ್ರ ಮಾತಾಡ್ದೆ. ಒಪ್ಪಂದದ ಪ್ರತಿ ಅವನ ಹತ್ರ ಇಲ್ಲ, ಫೋನಲ್ಲಿ ತೆಗೆದ ಫೋಟೋ ಇದೆಯಂತೆ. ಮೇಡಂ, ಅದರಲ್ಲಿ ಎಲ್ಲ ಪುಟ ಬಂದಿದ್ರೆ ಸಾಕಾ, ಇಲ್ಲ ಕಂಪನಿಯಿಂದಲೇ ಪ್ರತಿ ತರಿಸಬೇಕಾ?

ದೀಪಾ, ಮೈಸೂರು:

ಮೊದಲು ಫೋಟೋ ನೋಡೋಣ. ಸಹಿ ಇರೋ ಪುಟ, ಅವಧಿ ಬರೆದಿರೋ ಪುಟ ಎರಡೂ ಸ್ಪಷ್ಟವಾಗಿ ಕಾಣಬೇಕು. ಕಂಪನಿಗೆ ಈಗಲೇ ಫೋನ್ ಮಾಡಬೇಡಿ ಅಂತ ಹೇಳಿ.